ಕರದಂಟಿನ ಡಬ್ಬಿಯೊಡನೆ ವಿಲಾಯತಿಗೆ

ಮೂಡಲಗಿ

ನಾನು ವಿಲಾಯತಿಗೆ ಹೋಗಿಬಂದೆನೆಂದರೆ ಮೂಡಲಗಿಯಲ್ಲಿ ಅರ್ಧ ಜನ ಇನ್ನೂ ನಂಬುವುದಿಲ್ಲ. ಉಳಿದ ಅರ್ಧ ಜನ ನಂಬುತ್ತಾರೆ; ಆದರೆ ಅಷ್ಟು ದೂರ ಹೋಗಿ ರಾಜನನ್ನು ನೋಡದೆ ಬಂದವನ ಮಾತಿಗೆ ಏನು ಬೆಲೆ ಎನ್ನುತ್ತಾರೆ. ನಾನು ಹೋದದ್ದು ರಾಜನನ್ನು ನೋಡುವುದಕ್ಕಲ್ಲ. ಅಲ್ಲಿ ತೀರಿಕೊಂಡ ನನ್ನ ತಮ್ಮ ಗುರುಪಾದನನ್ನು ಮಣ್ಣಿನಲ್ಲಿ ಕೂಡಿಸಿದ್ದಾರೋ ಮಲಗಿಸಿದ್ದಾರೋ ಎಂದು ತಿಳಿದುಕೊಂಡು ಬರುವುದಕ್ಕೆ.

ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಕೊಡುತ್ತಾರೆ. ಪದ್ಮಾಸನ ಹಾಕಿಸಿ, ಜೀವಮಾನವೆಲ್ಲ ಎದೆಯ ಮೇಲಿದ್ದ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡಗೈಯಲ್ಲಿ ಇಡುತ್ತಾರೆ. ಕರಡಿಗೆ ಎಂದರೆ ಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ. ಗುರುಪಾದ ಚಳಿಗಾಲದಲ್ಲಿ ಎದೆಯ ಬೇನೆಯಿಂದ ಹೋದ. ತಂತಿ ನಮ್ಮ ಕೈ ಸೇರುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಬಂದ ಕಾಗದದಲ್ಲಿ ‘ಅವರ ಇಚ್ಛೆಯಂತೆಯೇ ನಡೆಸಿದೆವು’ ಎಂದಷ್ಟೇ ಇತ್ತು. ಅದನ್ನು ಇಂಗ್ಲಿಷು ಬಲ್ಲವರಿಂದ ಓದಿಸಿ ಹೇಳಿದಾಗ ಅವ್ವ ನನ್ನ ಮೇಲೆಯೇ ಹರಿಹಾಯ್ದಳು.

“ಇಚ್ಛಾ ಅಂದ್ರ? ಅವಗ ಹಾಸಿಗ್ಯಾಗ ಬಿದ್ಕೊಂಡು ಓದೂದ ಇಚ್ಛಾ. ಹಂಗ ಮಲಗಿಸಿಬಿಟ್ರೇನು?”

“ಕಾಗದ ಬರದು ಕೇಳೂಣಬೇ.”

“ಕಾಗದ ಏನರ ಹೇಳ್ತೈತಿ. ನೀ ಹೋಗಿ ಕಣ್ಣಿಲೆ ನೋಡಿ ಬಾ.”

ಇದು ಗೋಕಾಕಕ್ಕೆ ಹೋಗಿ ಎಣ್ಣೆ ತಾ ಎಂದ ಹಾಗಿತ್ತು. ಆದರೆ ಗುರುಪಾದ ಕೆಲಸ ಮಾಡುತ್ತಿದ್ದ ಕಾಲೇಜಿನವರು ಅವನ ನೆನಪಿಗೆ ಒಂದು ಸಭೆ ಇಟ್ಟುಕೊಂಡು, ಮನೆಯವರೊಬ್ಬರು ಬರಲೆಂದು ಹಡಗಿನ ಟಿಕೀಟು ಕಳಿಸಿದರು. ಅವ್ವನ ಹಟ ಗೆದ್ದಿತು. ನನ್ನದು ಬಟ್ಟೆ ಅಂಗಡಿ. ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ, ಅಂದರೆ ಕನ್ನಡ ಏಳನೆಯ ಇಯತ್ತೆ. ಇಂಗ್ಲಿಷು ಬರುತ್ತಿದ್ದುದು ಮುಂಬಯಿಯಿಂದ ಬರುವ ಬಟ್ಟೆಯ ಗಂಟು, ಪೆಟ್ಟಿಗೆಗಳ ಮೇಲೆ ಬರೆದಿರುವಷ್ಟು. ‘ನೀರು ತಾಗಿಸಬೇಡಿ’, ‘ಬಣ್ಣ ಬಿಡುವುದಿಲ್ಲ’, ‘ಈ ಬದಿ ಮೇಲೆ’. ಇಷ್ಟು ಭಾಷೆಯಲ್ಲಿ ಒಬ್ಬ ಮನುಷ್ಯ ಬೇರೆ ದೇಶದಲ್ಲಿ ಎಷ್ಟು ದಿನ ಬದುಕಬಹುದು ಎಂದು ನನಗೂ ಕುತೂಹಲವಿತ್ತು.

ಅವ್ವ ಗೋಕಾಕದಿಂದ ಕರದಂಟು ತರಿಸಿದಳು. ಬೆಲ್ಲ, ಒಣಕೊಬ್ಬರಿ, ಅಂಟು ಹಾಕಿ ಮಾಡುವ ಈ ಸಿಹಿ ಗಟ್ಟಿ ಹಲ್ಲಿನವರಿಗೆ ಮಾತ್ರ. ಗುರುಪಾದ ಇದ್ದ ಮನೆಯ ಒಡತಿಗೆಂದು ಅದನ್ನು ಹಿತ್ತಾಳೆಯ ಡಬ್ಬಿಯಲ್ಲಿ ತುಂಬಿ, “ಡಬ್ಬಿ ಹೊಳ್ಳಿ ತಗೊಂಡ್ ಬಾ” ಎಂದಳು.

ಡಬ್ಬಿಗಳ ವಿಷಯದಲ್ಲಿ ನಮ್ಮ ಮನೆಗೆ ಒಂದು ಇತಿಹಾಸವಿದೆ. ಬಾಜೂ ಮನೆಯಿಂದ ಪಲ್ಯ ಬಂದ ಬಟ್ಟಲನ್ನು ಖಾಲಿ ಮರಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಹರಳು ಬೆಲ್ಲವಾದರೂ ಹಾಕಿ ಕೊಡಬೇಕು. ಚಿಕ್ಕಂದಿನಲ್ಲಿ ಬಟ್ಟಲು ಮರಳಿಸುವ ಕೆಲಸ ಗುರುಪಾದನದು. ಅವನು ದಾರಿಯಲ್ಲಿ ಬೆಲ್ಲ ತಿಂದು ಖಾಲಿ ಬಟ್ಟಲು ಕೊಟ್ಟು ಬರುತ್ತಿದ್ದ. ಬಾಜೂ ಮನೆಯ ಗಂಗವ್ವ ಅವ್ವನ ಜೊತೆ ಮಾತು ಬಿಟ್ಟಳು. ಯಾಕೆಂದು ಅವ್ವನಿಗೆ ತಿಳಿಯುವಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು. ಆ ದಿನ ಬಿದ್ದ ಏಟಿನಿಂದ ಅವನು ಕಲಿತ ಪಾಠ ಎಷ್ಟು ದೂರ ಹೋಯಿತೆಂಬುದು ಮುಂದೆ ಬರುತ್ತದೆ.

ಹುಕ್ಕೇರಿ

ಹೊರಡುವ ಮೊದಲು ಹುಕ್ಕೇರಿಗೆ ಹೋಗಿ ಸೋದರಮಾವನ ಕಾಲು ಹಿಡಿಯಬೇಕಾಗಿತ್ತು, ಅವನ ಉಣ್ಣೆಯ ಕೋಟು ಇಸಿದುಕೊಳ್ಳಬೇಕಾಗಿತ್ತು. ಮಾವ ಹಿಂದಿನ ಯುದ್ಧದಲ್ಲಿ ಫೌಜಿನ ಹೇಸರಗತ್ತೆಗಳನ್ನು ನೋಡಿಕೊಳ್ಳಲು ಬಸರಾಕ್ಕೆ ಹೋಗಿದ್ದವನು. ಹೀಗಾಗಿ ನಮ್ಮ ಬಳಗದಲ್ಲಿ ಪರದೇಶದ ಬಗ್ಗೆ ಅವನದೇ ಕೊನೆಯ ಮಾತು.

“ಅಳ್ಯಾ, ಒಂದ ಮಾತ ನೆನಪಿಡು. ಸಾಹೇಬ ಏನ ಕೇಳಿದ್ರೂ ‘ಎಸ್ ಸರ್’ ಅನ್ನು. ನಾ ನಾಕ ವರ್ಷ ಅದರ ಮ್ಯಾಲೇ ತಗದೇನಿ.”

“ತಿಳೀಲಿಲ್ಲಂದ್ರ?”

“ತಿಳದ್ರ ಅನ್ನೂದ ಬ್ಯಾಡಲೇ. ತಿಳೀಲಿಲ್ಲಂತನ ಅನ್ನೂದು.”

ಗುರುಪಾದನ ಕೆಲಸದ ಬಗ್ಗೆ ಮಾತ್ರ ಮಾವನಿಗೆ ಕೊನೆಯವರೆಗೂ ಸಮಾಧಾನವಿರಲಿಲ್ಲ. ಆ ಕೆಲಸಕ್ಕೆ ಬೀಜ ಬಿದ್ದದ್ದು ಮಾವನ ಊರಲ್ಲೇ. ಹುಕ್ಕೇರಿಯ ಗುಮ್ಮಟಗಳ ಬಳಿ ಸುಲ್ತಾನರ ಕಾಲದಲ್ಲಿ ನೆಲದೊಳಗಿನ ಕೊಳವೆಯಿಂದ ನೀರು ತಂದಿದ್ದರು. ಎತ್ತಿಲ್ಲದೆ, ಹಗ್ಗವಿಲ್ಲದೆ ನೀರು ಹೇಗೆ ಮೇಲೆ ಬರುತ್ತದೆಂದು ನೋಡಲು ಎಂಟು ವರ್ಷದ ಗುರುಪಾದ ಒಂದು ಹಳೆಯ ಕಲ್ಲಿನ ಕೊಳವೆಯೊಳಗೆ ತಲೆ ಹಾಕಿದ. ತಲೆ ಹೊರಗೆ ಬರಲಿಲ್ಲ. ಮಾವ ಶೇಂಗಾ ಎಣ್ಣೆ ಸುರಿದು, ಕಾಲು ಹಿಡಿದು ಎಳೆದು ತೆಗೆದ. “ಮೈ ಅಷ್ಟ ಹೊರಗ ಬಂತು, ತಲಿ ಅಲ್ಲೇ ಉಳೀತು” ಎಂದು ಮಾವ ಆಮೇಲೆ ಹೇಳುತ್ತಿದ್ದ.

ಅದು ಸುಳ್ಳಲ್ಲ. ಗೋಕಾಕದ ಶಾಲೆ, ಬೆಳಗಾವಿ, ಪುಣೆ, ಕೊನೆಗೆ ವಿಲಾಯತಿ, ಎಲ್ಲಿ ಹೋದರೂ ಅವನು ಓದಿದ್ದು ಅದನ್ನೇ. ಮುನ್ನೂರು ವರ್ಷದ ಹಿಂದಿನ ಜನ ನೀರು, ಗಾಳಿ, ಗ್ರಹಗಳ ಬಗ್ಗೆ ಏನು ತಿಳಿದಿದ್ದರು, ಎಲ್ಲಿ ತಪ್ಪಿದರು, ತಪ್ಪಿದ್ದು ತಿಳಿದ ಮೇಲೆ ಹೇಗೆ ಜಗಳಾಡಿದರು ಎಂಬುದರ ಇತಿಹಾಸ ಬರೆಯುವುದೇ ಅವನ ಉದ್ಯೋಗ. ಅಂಗಡಿಗೆ ಬಂದವರಿಗೆ ಇದನ್ನು ತಿಳಿಸುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ.

“ಅಂದ್ರ ನಿಮ್ಮ ತಮ್ಮ ಪಂಚಾಂಗ ಬರೀತಾನೇನ್ರಿ?”

“ಇಲ್ರಿ. ಪಂಚಾಂಗ ಬರದು ಸತ್ತವರ ಬಗ್ಗೆ ಬರೀತಾನ.”

“ಮತ್ತ ಮಳಿ ಯಾವಾಗ ಅಂತ ಹೇಳ್ತಾನಿಲ್ಲೋ?”

“ಮುನ್ನೂರ ವರ್ಷದ ಹಿಂದ ಯಾವಾಗ ಬಂದಿತ್ತಂತ ಹೇಳ್ತಾನ್ರಿ.”

ಹಿಂದಿನ ಬಾರಿ ರಜೆಗೆ ಬಂದಾಗ ಅವನು ತನ್ನ ಹೊಸ ಲೇಖನದ ಸಂಗತಿಯನ್ನು ಮಾವನಿಗೆ ಹೇಳಿದ್ದ. ಅವನಿದ್ದ ಊರಿನಲ್ಲಿ ಹಿಂದೆ ಒಬ್ಬ ನಕ್ಷತ್ರ ನೋಡುವವನಿದ್ದನಂತೆ. ಆಕಾಶ ನೋಡುವವನು ಬೆನ್ನ ಮೇಲೆ ಬೀಳಬಾರದೆಂದು ಹಟ ಹಿಡಿದು, ತನ್ನನ್ನು ನಿಲ್ಲಿಸಿ ಹುಗಿಯಲು ಹೇಳಿ ಸತ್ತನಂತೆ. ಊರವರು ಹಾಗೆಯೇ ಮಾಡಿದರಂತೆ. ಹಳೆಯ ದಫ್ತರಗಳಲ್ಲಿ ಇದನ್ನು ಹುಡುಕಿ ಸಿದ್ಧ ಮಾಡಿದ್ದು ಗುರುಪಾದನೇ. ಮಾವ ಎಲೆಅಡಿಕೆ ಉಗುಳಿ ಬಂದು ಕೇಳಿದ:

“ನಿಂತ ಹೆಣದ ಸುದ್ದಿ ಬರದ್ರ ಯಾರಿಗೇನ ಉಪಯೋಗಾತೋ?”

ಗುರುಪಾದ ನಕ್ಕು, “ಯಾರಿಗೂ ಇಲ್ಲ ಮಾವಾ” ಎಂದಿದ್ದ.

ಹಡಗು

ಗೋಕಾಕ ರೋಡ್ ಸ್ಟೇಶನ್ನಿನಿಂದ ಮುಂಬಯಿಯವರೆಗಿನ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಹಡಗಿನಲ್ಲಿ ನನ್ನ ಕೋಣೆಯಲ್ಲಿದ್ದವರು ಒಬ್ಬ ಸಿಂಧಿ ವ್ಯಾಪಾರಿ. ಹಡಗು ದಂಡೆ ಬಿಡುವ ಮೊದಲೇ ಅವರಿಗೆ ವಾಂತಿ ಶುರುವಾಯಿತು. ಅಲುಗಾಡದೆ ನಿಂತ ಹಡಗಿನಲ್ಲಿ ಹೀಗಾದರೆ ಮುಂದೇನೆಂದು ನಾನು ಕೇಳಲಿಲ್ಲ.

ಬೆಳಗಿನ ಲಿಂಗಪೂಜೆಗೆ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ದಿಟ್ಟಿಸಿ ಕೂಡಬೇಕು. ಊರಿನಲ್ಲಿ ನೆಲ ಅಲುಗಾಡುವುದಿಲ್ಲ. ಇಲ್ಲಿ ನಾನು ಒಂದು ಕಡೆ ವಾಲಿದರೆ ಕೈ ಇನ್ನೊಂದು ಕಡೆ ವಾಲುತ್ತಿತ್ತು. ಕೊನೆಗೆ ಧೋತರದಿಂದ ಸೊಂಟವನ್ನು ಮಂಚದ ಕಂಬಕ್ಕೆ ಕಟ್ಟಿಕೊಂಡು ಕೂಡತೊಡಗಿದೆ. ಸಿಂಧಿ ಶೇಟರು ಮುಸುಕಿನೊಳಗಿಂದ ಇದನ್ನು ಮೂರು ದಿನ ನೋಡಿ, ನಾಲ್ಕನೆಯ ದಿನ ಬಹಳ ಮರ್ಯಾದೆಯಿಂದ, ಹಡಗು ಸರಿಯಾದ ದಿಕ್ಕಿನಲ್ಲಿ ಹೋಗುತ್ತಿದೆಯೇ ಎಂದು ವಿಚಾರಿಸಿದರು. ನನ್ನ ಕೈಯಲ್ಲಿರುವುದು ದಿಕ್ಕು ತೋರಿಸುವ ಯಂತ್ರವೆಂದು ಅವರು ತಿಳಿದಿದ್ದರು. ನಾನು ಸ್ವಲ್ಪ ಯೋಚಿಸಿ, ಹೌದು, ಸರಿಯಾಗಿ ಹೋಗುತ್ತಿದೆ ಎಂದೆ. ಆಮೇಲೆ ಸೂಯೆಜ್ ಬರುವವರೆಗೆ ದಿನವೂ ಪೂಜೆ ಮುಗಿಯುವುದನ್ನೇ ಕಾದು ಅವರು ಕೇಳುವರು, ನಾನು ಸರಿ ಎನ್ನುವೆ, ಅವರಿಗೆ ಆ ದಿನ ವಾಂತಿ ಕಡಿಮೆಯಾಗುತ್ತಿತ್ತು.

ಸಮುದ್ರವನ್ನು ನೋಡುತ್ತ ಗುರುಪಾದನ ನೆನಪಾಗುತ್ತಿತ್ತು. ಇದೇ ದಾರಿಯಲ್ಲಿ ಅವನು ಒಬ್ಬನೇ ಹೋಗಿದ್ದ. ಅವನು ಹೊರಟ ದಿನ ನಾನು ಹೇಳಿದ್ದು ‘ಉಣ್ಣೆ ಬಟ್ಟೆಯನ್ನು ಬಿಸಿಲಿಗೆ ಹಾಕು’ ಎಂದು ಮಾತ್ರ.

ಇಂಗ್ಲಂಡಿನ ದಂಡೆ

ಫ್ರಾನ್ಸಿನಲ್ಲಿ ಇಳಿದು, ರೈಲು ಹತ್ತಿ, ಮತ್ತೆ ಸಣ್ಣ ಹಡಗಿನಲ್ಲಿ ಇಂಗ್ಲಂಡಿನ ದಂಡೆ ಸೇರಿದೆ. ಅಲ್ಲಿ ಸಾಮಾನು ತಪಾಸಿಸುವ ಸಾಹೇಬ ಎದುರು ನಿಂತ. ಕೆಂಪು ಮೀಸೆ, ಒಳ್ಳೆಯ ಸರ್ಜ್ ಉಣ್ಣೆಯ ಕೋಟು. ಅವನು ಏನೋ ಕೇಳಿದ. ನಾನು ಕೋಟಿನ ಜೊತೆಗೆ ಮಾವನ ಬುದ್ಧಿಯನ್ನೂ ತಂದಿದ್ದೆ.

“ಎಸ್ ಸರ್” ಎಂದೆ.

ಅವನು ಇನ್ನೊಂದು ಕೇಳಿದ. ಎಸ್ ಸರ್. ಮತ್ತೊಂದು. ಎಸ್ ಸರ್. ಅವನ ಮುಖ ನನ್ನ ಒಂದೊಂದು ಉತ್ತರಕ್ಕೂ ಗಂಭೀರವಾಗುತ್ತ ಹೋಯಿತು. ಹಿಂದೆ ಸರದಿಯಲ್ಲಿದ್ದ ಬಂಗಾಲಿ ಡಾಕ್ಟರೊಬ್ಬರು ಹಿಂದಿಯಲ್ಲಿ ನನ್ನ ಕಿವಿಯಲ್ಲಿ ತಿಳಿಸಿದರು: ನಾನು ತಂಬಾಕು, ಸೆರೆ, ಅಫೀಮು ಮೂರನ್ನೂ ತಂದಿರುವುದಾಗಿ ಒಪ್ಪಿಕೊಂಡಿದ್ದೆ.

ಡಬ್ಬಿ ತೆರೆಸಿದರು. ಕಂದು ಬಣ್ಣದ, ಜಿಗುಟಾದ, ಹೊಳೆಯುವ ಕರದಂಟು. ಮೂವರು ಸಾಹೇಬರು ಕೂಡಿದರು, ಮೂಸಿದರು, ಚಾಕುವಿನಿಂದ ಕೆರೆದರು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡು ತೋರಿಸಿದೆ. ಕೆಂಪು ಮೀಸೆಯವನೂ ಧೈರ್ಯ ಮಾಡಿ ಒಂದು ತುಂಡು ಹಾಕಿಕೊಂಡ. ಅಲ್ಲಿಗೆ ಪ್ರಶ್ನೆಗಳು ನಿಂತವು, ಅವನ ಹಲ್ಲುಗಳು ಅಂಟಿಕೊಂಡಿದ್ದವು. ಕೈಯಿಂದಲೇ ಹೋಗೆಂದು ಸನ್ನೆ ಮಾಡಿದ.

ರೈಲಿನಲ್ಲಿ ನನ್ನ ಎದುರು ಒಬ್ಬ ಮುದುಕ ನಿದ್ದೆ ಮಾಡುತ್ತಿದ್ದ. ಅಂಥ ಉಣ್ಣೆಯ ಬಟ್ಟೆಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬಟ್ಟೆ ಅಂಗಡಿಯವನ ಕೈ ಅವನ ಮಾತು ಕೇಳುವುದಿಲ್ಲ. ತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡುತ್ತಿದ್ದಾಗ ಅವನು ಕಣ್ಣು ತೆರೆದ. ನಮ್ಮ ಕಡೆಯಾದರೆ “ಏನ್ರಿ, ಎಲ್ಲೀದು?” ಎಂದು ಮಾತು ಬೆಳೆದು, ಇಳಿಯುವಷ್ಟರಲ್ಲಿ ಬೀಗತನದವರೆಗೆ ಹೋಗುತ್ತಿತ್ತು. ಇವನು ನನ್ನನ್ನು ನೋಡಿದ, ತೋಳನ್ನು ನೋಡಿದ, ಒಂದು ಮಾತೂ ಆಡದೆ ಮತ್ತೆ ಕಣ್ಣು ಮುಚ್ಚಿದ. ಆದರೆ ತೋಳನ್ನು ಎಳೆದುಕೊಳ್ಳಲಿಲ್ಲ. ಈ ಜನ ಕೆಟ್ಟವರಲ್ಲ ಎಂದು ನನಗೆ ಆಗ ಅನಿಸಿತು.

ಗುರುಪಾದನ ಊರು

ನದಿಯ ದಂಡೆಯ ಸಣ್ಣ ಊರು. ಎಲ್ಲಿ ನೋಡಿದರೂ ಸೈಕಲ್ಲು ಮತ್ತು ಗಂಟೆಯ ಸದ್ದು. ಗುರುಪಾದ ಬಾಡಿಗೆಗಿದ್ದ ಮನೆಯ ಬಾಗಿಲು ತಟ್ಟಿದೆ. ಬೆಳ್ಳಿಕೂದಲಿನ ಕುಳ್ಳ ಹೆಂಗಸು ತೆರೆದಳು. ಮಿಸೆಸ್ ಹಾರ್ಟ್ಲಿ ಎಂದು ಅವನ ಕಾಗದಗಳಿಂದ ಗೊತ್ತಿತ್ತು. ನನ್ನ ಮುಖ ನೋಡಿ ಅವಳ ಕಣ್ಣು ತುಂಬಿದವು. ನಾವಿಬ್ಬರೂ ಅಣ್ಣತಮ್ಮಂದಿರು ಒಂದೇ ಅಚ್ಚು.

“ಬರ್ರಿ,” ಎಂದಳು. “ಒಳಗ ಬರ್ರಿ. ಊಟ ಆತ್ರಿ?”

ನಾನು ಡಬ್ಬಿ ಹಿಡಿದುಕೊಂಡೇ ಮೆಟ್ಟಿಲ ಮೇಲೆಯೇ ಕುಳಿತೆ. ಆ ಮಾತು, ಆ ‘ರಿ’, ಗುರುಪಾದನದೇ. ಅವಳು ಅವನಿಂದ ಹತ್ತಿಪ್ಪತ್ತು ಮಾತು ಕಲಿತಿದ್ದಳು. ಆದರೆ ಎಲ್ಲವನ್ನೂ ಅವನು ಕಲಿಸಿರಲಿಲ್ಲ, ಕೆಲವನ್ನು ಅವಳೇ ಕೇಳಿ ಹಿಡಿದಿದ್ದಳು. ಚಹಾ ಕೊಡುವ ಮೊದಲು ಕೈಮುಗಿದು ಭಕ್ತಿಯಿಂದ “ಹಾಳಾಗಿ ಹೋಗ್ಲಿ” ಎಂದಳು. ಗುರುಪಾದ ಸಂಜೆ ಪುಸ್ತಕ ಮುಚ್ಚುವಾಗ ಹೀಗೆನ್ನುತ್ತಿದ್ದನಂತೆ. ಅದು ನಮ್ಮ ಪ್ರಾರ್ಥನೆ ಎಂದು ಅವಳ ತಿಳಿವಳಿಕೆ. ನಾನೂ ಕೈಮುಗಿದು “ಹಾಳಾಗಿ ಹೋಗ್ಲಿ” ಎಂದೆ. ಅಷ್ಟು ಶ್ರದ್ಧೆಯಿಂದ ಹೇಳಿದ ಮಾತನ್ನು ತಿದ್ದುವುದು ಹೇಗೆ?

ಕರದಂಟಿನ ಡಬ್ಬಿ ಕೊಟ್ಟೆ. ಅವಳು ಒಳಗೆ ಹೋಗಿ, ಕೈವಸ್ತ್ರದಲ್ಲಿ ಸುತ್ತಿದ ಪುಟ್ಟ ವಸ್ತುವನ್ನು ತಂದು ನನ್ನ ಅಂಗೈಯಲ್ಲಿಟ್ಟಳು. ಗುರುಪಾದನ ಕರಡಿಗೆ. ಕೈಗೆ ಬಂದೊಡನೆ ಅದರೊಳಗೆ ಏನೋ ಖಡಖಡ ಎಂದಿತು.

ಕರಡಿಗೆಯೊಳಗೆ ಇರುವುದು ಬೇರೆ ಏನು? ಲಿಂಗ ಇಲ್ಲೇ ಉಳಿದಿದೆ. ಅವನ ಕೈ ಖಾಲಿ. ಅಂದರೆ ಮಲಗಿಸಿಯೇ ಹುಗಿದಿದ್ದಾರೆ. ಅವ್ವನಿಗೆ ಏನು ಹೇಳಲಿ? ಅದನ್ನು ತೆರೆದು ನೋಡುವ ಧೈರ್ಯವಾಗಲಿಲ್ಲ. ಜೇಬಿನಲ್ಲಿಟ್ಟುಕೊಂಡೆ.

ಭೂಮಿಯ ಪೆಟ್ಟಿಗೆ, ಆಕಾಶದ ಪೆಟ್ಟಿಗೆ

ಮಿಸೆಸ್ ಹಾರ್ಟ್ಲಿ ನನ್ನನ್ನು ಗುರುಪಾದನ ಹಿರಿಯ ಸಹೋದ್ಯೋಗಿ ಪ್ರೊಫೆಸರ್ ವಿಟ್‌ಕಮ್ ಅವರಲ್ಲಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಹೆಜ್ಜೆಗೊಮ್ಮೆ ಜೇಬಿನಲ್ಲಿ ಖಡಖಡ. ಎದುರು ಬಂದವರೆಲ್ಲ ತಿರುಗಿ ನೋಡುತ್ತಿದ್ದರು.

ಪ್ರೊಫೆಸರರು ಬಿದಿರಿನಷ್ಟು ಎತ್ತರ, ಅಷ್ಟೇ ದಪ್ಪ. ಕೋಣೆಯ ತುಂಬ ಹಿತ್ತಾಳೆಯ ಹಳೆಯ ಯಂತ್ರಗಳು. ನಡುವೆ ಎರಡು ದೊಡ್ಡ ಗೋಲಗಳು: ಒಂದರ ಮೇಲೆ ದೇಶಗಳು, ಇನ್ನೊಂದರ ಮೇಲೆ ನಕ್ಷತ್ರಗಳು. ಗೋಡೆಗೆ ತಾಗಿ ಒಂದು ದೊಡ್ಡ ಚೌಕ ಪೆಟ್ಟಿಗೆ.

ನಾನು ಊರಿನಿಂದ ಬಾಯಿಪಾಠ ಮಾಡಿಕೊಂಡು ಬಂದ ಒಂದೇ ಇಂಗ್ಲಿಷ್ ವಾಕ್ಯವನ್ನು ಹೇಳಿದೆ. ನನ್ನ ತಮ್ಮ ಕೂತಿದ್ದಾನೋ, ಮಲಗಿದ್ದಾನೋ?

ಅವರು ಬಾಯಿಂದ ಉತ್ತರ ಕೊಡಲಿಲ್ಲ. ಕನ್ನಡಕ ತೆಗೆದಿಟ್ಟು, ಗೋಡೆ ಹಿಡಿದು ಜಮಖಾನೆಯ ಮೇಲೆ ಕುಳಿತರು. ಒಂದು ಕಾಲನ್ನು ಕೈಯಿಂದ ಎತ್ತಿ ಇನ್ನೊಂದರ ಮೇಲೆ ಇಟ್ಟುಕೊಂಡರು. ಮುಖ ಕೆಂಪಗಾಯಿತು. ಬೆನ್ನು ನೆಟ್ಟಗೆ ಮಾಡಿದರು. ಎಡಗೈಯನ್ನು ಮುಂದೆ ಚಾಚಿ, ಅಂಗೈಯ ನಡುವೆ ಬೆರಳಿನಿಂದ ದುಂಡಗೆ ತೋರಿಸಿದರು. ಆಮೇಲೆ ಕಣ್ಣು ಮುಚ್ಚಿ ಹಾಗೇ ಕುಳಿತರು.

ನಾನೂ ಎದುರು ಕುಳಿತುಬಿಟ್ಟೆ. ನಾವಿಬ್ಬರೂ ಅಳುತ್ತಿದ್ದೆವು. ಮಿಸೆಸ್ ಹಾರ್ಟ್ಲಿ ಬಾಗಿಲಲ್ಲಿ ನಿಂತು “ಸಾಕ್ ಬಿಡ್ರಿ, ಸಾಕ್ ಬಿಡ್ರಿ” ಎನ್ನುತ್ತಿದ್ದಳು.

ಆಮೇಲೆ ಪ್ರೊಫೆಸರರಿಗೆ ಏಳಲು ಬರಲಿಲ್ಲ. ಪದ್ಮಾಸನದ ಗಂಟು ಬಿಚ್ಚಲೊಲ್ಲದು. ನಾನು ಒಂದು ಕಾಲು ಬಿಡಿಸಿದೆ, ಅವಳು ಕಂಕುಳಲ್ಲಿ ಕೈ ಹಾಕಿ ಎತ್ತಿದಳು. ಮೂವರೂ ಒಮ್ಮೆ ಗೋಲಕ್ಕೆ ತಾಗಿ, ಆಕಾಶವೆಲ್ಲ ಗಿರ್ರನೆ ತಿರುಗಿತು.

ಅವರು ಕೈಸನ್ನೆಯಲ್ಲಿ, ಚಿತ್ರದಲ್ಲಿ, ನಿಧಾನವಾದ ಮಾತಿನಲ್ಲಿ ಉಳಿದದ್ದನ್ನು ತಿಳಿಸಿದರು. ಗುರುಪಾದ ಬೇನೆಯಲ್ಲಿ ಕೇಳಿಕೊಂಡಿದ್ದು ಅದೊಂದನ್ನೇ. ಆದರೆ ಸ್ಮಶಾನದ ಅಧಿಕಾರಿ ಒಪ್ಪಲಿಲ್ಲ. ಈ ಊರಿನಲ್ಲಿ ಎಲ್ಲರೂ ಮಲಗುತ್ತಾರೆ, ಬೇರೆ ರೂಢಿ ಇಲ್ಲವೇ ಇಲ್ಲ ಎಂದ. ಆಗ ಪ್ರೊಫೆಸರರು ಒಂದು ಅಚ್ಚಿನ ಲೇಖನ ತೆಗೆದುಕೊಂಡು ಹೋಗಿ ಅವನ ಮೇಜಿನ ಮೇಲಿಟ್ಟರು. ಇದೇ ಊರಿನಲ್ಲಿ, ಇಂಥ ಕಡೆ, ಒಬ್ಬನನ್ನು ನಿಲ್ಲಿಸಿ ಹುಗಿದದ್ದಕ್ಕೆ ಆಧಾರ ಇಲ್ಲಿದೆ. ನಿಲ್ಲಬಹುದಾದರೆ ಕೂಡಬಾರದೇಕೆ ಎಂದರು. ಅಧಿಕಾರಿ ಓದಿದ, ಅಡಿಟಿಪ್ಪಣಿಗಳನ್ನೂ ಓದಿದ, ರುಜು ಹಾಕಿದ.

ಆ ಲೇಖನವನ್ನು ನನಗೂ ತೋರಿಸಿದರು. ಕೆಳಗೆ ನನ್ನ ತಮ್ಮನ ಹೆಸರಿತ್ತು. ಮಾವಾ, ನೀನು ಉಪಯೋಗ ಕೇಳಿದ್ದೆಯಲ್ಲ.

ಕೂತವನಿಗೆ ಸರಿಹೋಗುವ ಪೆಟ್ಟಿಗೆ ಊರಿನಲ್ಲಿ ಯಾರಲ್ಲಿಯೂ ಇರಲಿಲ್ಲ. ಈ ಗೋಲಗಳು ರಿಪೇರಿಗೆ ಹೋಗಿ ಬಂದಾಗ ಎರಡು ಚೌಕ ಪೆಟ್ಟಿಗೆ ಬಂದಿದ್ದವು. ಭೂಮಿಯದು ಇಲ್ಲೇ ಗೋಡೆಗೆ ತಾಗಿದೆ. ಆಕಾಶದ ಪೆಟ್ಟಿಗೆಯಲ್ಲಿ ಗುರುಪಾದ ಕುಳಿತುಕೊಂಡು ಹೋದ.

ನಾನು ಆ ಭೂಮಿಯ ಪೆಟ್ಟಿಗೆಯನ್ನು ಮುಟ್ಟಿ ನೋಡಿದೆ. ಅದರ ಮೇಲೆ, ಆಕಾಶದ ಪೆಟ್ಟಿಗೆಯ ಮೇಲೂ ಇದ್ದ ಹಾಗೆಯೇ, ಕಪ್ಪು ಮಸಿಯಲ್ಲಿ ದೊಡ್ಡದಾಗಿ ಬರೆದದ್ದಿತ್ತು. ಆ ದೇಶದಲ್ಲಿ ನಾನು ಯಾರ ಸಹಾಯವಿಲ್ಲದೆ ಓದಿದ ಮೊದಲ ಇಂಗ್ಲಿಷು. ‘ಈ ಬದಿ ಮೇಲೆ. ನಾಜೂಕು ಸಾಮಾನು. ನೀರು ತಾಗಿಸಬೇಡಿ.’

ಹಾಗಾದರೆ ಜೇಬಿನಲ್ಲಿ ಸದ್ದು ಮಾಡುತ್ತಿರುವುದೇನು? ಕರಡಿಗೆ ತೆಗೆದು ತೆರೆದೆ. ಎರಡು ಸಕ್ಕರೆಯ ಗಟ್ಟಿಗಳು.

ಮಿಸೆಸ್ ಹಾರ್ಟ್ಲಿಗೆ ನಾಚಿಕೆಯಾಯಿತು. ಕಲಿತ ಮಾತು, ಕೈಸನ್ನೆ ಎಲ್ಲ ಕೂಡಿಸಿ ತಿಳಿಸಿದಳು. ಅವಳು ಗುರುಪಾದನ ಕೋಣೆಗೆ ಏನೇ ಕಳಿಸಲಿ, ತಟ್ಟೆ ಖಾಲಿ ಮರಳುತ್ತಿರಲಿಲ್ಲವಂತೆ. ಒಮ್ಮೆ ಆಲೂಗಡ್ಡೆ, ಒಮ್ಮೆ ಪೆನ್ಸಿಲ್ಲು, ಏನೂ ಇಲ್ಲದ ದಿನ ಶನಿಗ್ರಹದ ಚಿತ್ರ. ನಮ್ಮ ಊರಲ್ಲಿ ಖಾಲಿ ಕೊಟ್ಟರೆ ಎರಡು ಮಳೆಗಾಲ ಮಾತು ಬಿಡುತ್ತಾರೆ ಎಂದು ಅವನು ಹೇಳಿದ್ದನಂತೆ. ಲಿಂಗ ಅವನ ಕೈ ಸೇರಿದ ಮೇಲೆ ಕರಡಿಗೆ ಬರಿದಾಯಿತು. ಬರಿದಾದದ್ದನ್ನು ಅವನ ಅವ್ವನಿಗೆ ಹೇಗೆ ಕಳಿಸುವುದು?

ಮಧ್ಯಾಹ್ನದ ಸಭೆಯಲ್ಲಿ ಹಲವರು ಮಾತಾಡಿದರು. ನನ್ನ ಸರದಿ ಬಂದಾಗ ನಾನು ಮಾತಿನ ಬದಲು, ಮಿಸೆಸ್ ಹಾರ್ಟ್ಲಿ ಜೊತೆಗೆ ತಂದಿದ್ದ ಡಬ್ಬಿಯಿಂದ ಕರದಂಟು ಹಂಚಿದೆ. ಆಮೇಲೆ ಯಾರೂ ಮಾತಾಡಲಿಲ್ಲ, ಮಾತಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಅಷ್ಟು ಜನ ವಿದ್ವಾಂಸರು ಅಷ್ಟು ಹೊತ್ತು ಒಟ್ಟಿಗೆ ಮೌನವಾಗಿದ್ದುದನ್ನು ತಾವು ಕಂಡೇ ಇಲ್ಲವೆಂದು ಪ್ರೊಫೆಸರರು ಆಮೇಲೆ, ಬಾಯಿ ಬಿಟ್ಟ ಮೇಲೆ, ಹೇಳಿದರು.

ಸಂಜೆ ಸ್ಮಶಾನಕ್ಕೆ ಹೋದೆವು. ಬೇರೆಯವರ ಜಾಗ ಉದ್ದ, ಗುರುಪಾದನದು ಚೌಕ. ವಿಭೂತಿ ಇಟ್ಟೆ. ಉಣ್ಣೆಯ ಕೋಟು ತೊಟ್ಟುಕೊಂಡು ಅವನ ಎದುರು ಹುಲ್ಲಿನ ಮೇಲೆ ಸುಮ್ಮನೆ ಕುಳಿತೆ. ಅವನೂ ಕುಳಿತಿದ್ದ.

ಮತ್ತೆ ಮೂಡಲಗಿ

ಅವ್ವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಕಾಲು ತೊಳೆಯಲೂ ಬಿಡಲಿಲ್ಲ.

“ಕೂತಾನ?”

“ಕೂತಾನಬೇ. ಲಿಂಗ ಕೈಯಾಗೈತಿ.”

ಆಗ ಕಾಲಿಗೆ ನೀರು ಕೊಟ್ಟಳು. ಆಮೇಲೆ ನಾನು ಪೆಟ್ಟಿಗೆಯ ಸುದ್ದಿ ಹೇಳಿದೆ, ಮೇಲೆ ಬರೆದದ್ದನ್ನೂ ಹೇಳಿದೆ. ತಂತಿ ಬಂದ ದಿನದಿಂದ ಮೊದಲ ಸಲ ಅವ್ವ ನಕ್ಕಳು.

“ತೊಟ್ಟಿಲದಾಗ ಹಾಕಿದ್ರ ಉಳ್ಳ್ಯಾಡಿ ಉಳ್ಳ್ಯಾಡಿ ತಲಿಕೆಳಗ ಆಗ್ತಿದ್ದ. ಯಾರರ ಆಗ ಹಂಗ ಬರದಿದ್ರ ನನಗ ನಿದ್ದಿ ಬರ್ತಿತ್ತು.”

ಕರಡಿಗೆ ತೆರೆದು ಒಂದು ಸಕ್ಕರೆಗಟ್ಟಿ ತಾನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನಗೆ ಕೊಟ್ಟಳು. ಆಮೇಲೆ ಹಿತ್ತಾಳೆಯ ಡಬ್ಬಿ ನೋಡಿದಳು. ಅದೂ ಖಾಲಿ ಬಂದಿರಲಿಲ್ಲ. ಮಿಸೆಸ್ ಹಾರ್ಟ್ಲಿ ಶುಂಠಿಯ ಬಿಸ್ಕೀಟು ತುಂಬಿದ್ದಳು. ಹೀಗೆ ಡಬ್ಬಿ ಮತ್ತೆ ಅವಳ ಕಡೆ ಹೋಗಬೇಕಾಯಿತು, ಅಲ್ಲಿಂದ ತಿರುಗಿ ಇಲ್ಲಿಗೆ. ಟಪಾಲಿನವನು ಅದನ್ನು ‘ವಿಲಾಯತಿ ಡಬ್ಬಿ’ ಎಂದೇ ಕರೆಯುತ್ತಿದ್ದ.

ಈಗ ಯುದ್ಧ. ಪಾರ್ಸಲ್ಲು ಹೋಗುವುದಿಲ್ಲ. ಆ ದೇಶದ ಮೇಲೆ ಬಾಂಬು ಬೀಳುತ್ತಿರುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತೇನೆ, ಅವ್ವನಿಗೆ ಎಲ್ಲವನ್ನೂ ಓದಿ ಹೇಳುವುದಿಲ್ಲ. ಡಬ್ಬಿ ನಮ್ಮ ಮನೆಯಲ್ಲಿ ಸಿಕ್ಕಿಕೊಂಡಿದೆ, ಕೊಡುವ ಪಾಳಿ ನಮ್ಮದು.

“ಅವರವರು ಬಡದಾಡ್ಲಿ, ನಡಬರಕ ನನ್ನ ಡಬ್ಬಿ ಯಾಕ ಹಿಡೀಬೇಕು? ಆಕಿ ಏನಂತ ತಿಳಕೋತಾಳ?” ಎನ್ನುತ್ತಾಳೆ ಅವ್ವ.

ಹಬ್ಬ ಬಂದಾಗಲೊಮ್ಮೆ ಗೋಕಾಕದಿಂದ ಹೊಸ ಕರದಂಟು ತರಿಸುತ್ತಾಳೆ. ಡಬ್ಬಿಯಲ್ಲಿದ್ದ ಹಳೆಯದನ್ನು ನಾವು ತಿನ್ನುತ್ತೇವೆ, ಹೊಸದನ್ನು ತುಂಬಿ ಮುಚ್ಚಳ ಹಾಕುತ್ತಾಳೆ. ದಾರಿ ತೆರೆದ ದಿನ ತಡವಾಗಬಾರದೆಂದು ಡಬ್ಬಿಯ ಸುತ್ತ ಹೊಲಿಯುವ ಬಟ್ಟೆಯನ್ನೂ ನನ್ನ ಅಂಗಡಿಯಿಂದ ಹರಿಸಿ ಇಟ್ಟುಕೊಂಡಿದ್ದಾಳೆ. ಅದರ ಮೇಲೆ ವಿಳಾಸ ಬರೆದಾಗಿದೆ. ಅದರ ಕೆಳಗೆ, ಅವಳು ಹೇಳಿದ್ದಕ್ಕೆ, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ‘ಈ ಬದಿ ಮೇಲೆ’ ಎಂದೂ ಬರೆದಿದ್ದೇನೆ.